ತವಂದಿ ಘಾಟಿನಲ್ಲಿ ನಿಂತ ಫ್ಯಾನು



ನಿಮ್ಮ ತಂದೆತಾಯಿಯರು ಊರಿಗೆ ಹೋಗುತ್ತಿದ್ದುದು ರಾತ್ರಿಯ ರೈಲಿನಲ್ಲಿ, ಇಲ್ಲವೇ ಎಸ್.ಟಿ. ಬಸ್ಸಿನಲ್ಲಿ. ನೀವೋ, ಹೆಲ್ಮೆಟ್ ತೊಟ್ಟು, ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಬೈಕಿನ ಮೇಲೆ ನಸುಕಿನಲ್ಲೇ ಹೊರಟುಬಿಡುವವರು. ಹಾಗೆ ಹೊರಡುವವರಿಗೆ ಪುಣೆಯಿಂದ ಬೆಳಗಾವಿಯವರೆಗಿನ ಸುಮಾರು 340 ಕಿಲೋಮೀಟರಿನ ದಾರಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಮುಂಬಯಿಯಿಂದ ಬರುವವರು ಇದಕ್ಕೆ ಇನ್ನೂ 150 ಕಿಲೋಮೀಟರ್ ಸೇರಿಸಿಕೊಳ್ಳಿ. ಎಕ್ಸ್‌ಪ್ರೆಸ್ ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಖೋಪೋಲಿ–ಲೋಣಾವಳದ ಹಳೆಯ ಹೆದ್ದಾರಿಯೇ ನಿಮ್ಮದು.

ಈ ದಾರಿಯನ್ನು ನೀವು ನೋಡುವ ಬಗೆ ಒಂದು, ನಿಮ್ಮ ಗಾಡಿಯ ಎಂಜಿನ್ನು ನೋಡುವ ಬಗೆ ಇನ್ನೊಂದು. ಕರಾಡದ ಬಳಿಯ ಕೃಷ್ಣಾ–ಕೊಯ್ನಾ ಸಂಗಮ, ಕೊಲ್ಹಾಪುರದ ಮಹಾಲಕ್ಷ್ಮಿ, ನಿಪ್ಪಾಣಿಯ ತಂಬಾಕಿನ ಗೋದಾಮುಗಳು ನಿಮಗೆ ಕಾಣುತ್ತವೆ. ಎಂಜಿನ್ನಿಗೆ ಬೇಕಾದದ್ದು ಗಾಳಿಯೊಂದೇ.

ಹಿಂದಿನವರ ಗಾಡಿಗಳಿಗೆ ಈ ಚಿಂತೆ ಕಡಿಮೆ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳ ಎಂಜಿನ್ನಿನ ಸುತ್ತ ಪಕ್ಕೆಲುಬಿನಂಥ ಲೋಹದ ಏಣುಗಳಿದ್ದವು. ಬೀಸುವ ಗಾಳಿಯೇ ಅದನ್ನು ತಂಪಾಗಿಸುತ್ತಿತ್ತು. 2008ರ ಯಮಹಾ ಆರ್15, 2012ರ ಕೆಟಿಎಂ ಡ್ಯೂಕ್ 200 ಮತ್ತು ಪಲ್ಸರ್ 200 ಎನ್‌ಎಸ್‌ಗಳೊಂದಿಗೆ ರೇಡಿಯೇಟರು ನಮ್ಮ ಹುಡುಗರ ಬೈಕಿಗೂ ಬಂತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಾಗ ಅದರ ಮುಂದೆಯೂ ರೇಡಿಯೇಟರೇ ಇತ್ತು. ಇಂಥ ಗಾಡಿಗಳಲ್ಲಿ ಕೂಲಂಟ್ ಎಂಬ ದ್ರವವು ಎಂಜಿನ್ನಿನ ಶಾಖವನ್ನು ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸುತ್ತದೆ.

ಗಾಡಿ 60–70ರ ವೇಗದಲ್ಲಿ ಓಡುತ್ತಿದ್ದರೆ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿಗೆ ಕೆಲಸವೇ ಇರುವುದಿಲ್ಲ. ಗಾಡಿ ನಿಂತಾಗ, ಇಲ್ಲವೇ ತೆವಳುವಾಗ, ಕೂಲಂಟ್ ಸುಮಾರು ನೂರು ಡಿಗ್ರಿಯ ಆಸುಪಾಸಿಗೆ ಬಂದೊಡನೆ ಫ್ಯಾನು ತಾನಾಗಿ ತಿರುಗತೊಡಗುತ್ತದೆ. ಮೊಣಕಾಲಿಗೆ ಬಿಸಿಗಾಳಿ ಬಡಿಯಿತೆಂದು ಗಾಬರಿಯಾಗಬೇಡಿ. ಅದು ಕಾಯಿಲೆಯಲ್ಲ, ಆರೋಗ್ಯದ ಲಕ್ಷಣ. ಬಡಿಯದೇ ಹೋದಾಗಲೇ ಚಿಂತೆ.

ಹಾಗಾಗಿ ಕೆಟ್ಟ ಫ್ಯಾನು ತೆರೆದ ಹೆದ್ದಾರಿಯಲ್ಲಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಪುಣೆ ಬಿಟ್ಟ ಮೇಲೆ ಖಂಬಾಟ್ಕಿ ಘಟ್ಟ ಹತ್ತುವಾಗ ಮುಂದೆ ಲಾರಿಗಳ ಸಾಲಿದ್ದರೆ ಮೊದಲ ಪರೀಕ್ಷೆ. ಕೊಲ್ಹಾಪುರದ ಊರೊಳಗೆ ಹೊಕ್ಕರೆ ಎರಡನೆಯದು. ನಿಪ್ಪಾಣಿ ದಾಟಿದೊಡನೆ ಎದುರಾಗುವ ತವಂದಿ ಘಾಟು ಮೂರನೆಯದು. ಸ್ತವನಿಧಿ ಎಂಬ ಜೈನ ಕ್ಷೇತ್ರ ಇರುವುದು ಅಲ್ಲಿಯೇ, ಜನರ ಬಾಯಲ್ಲಿ ಅದೇ ತವಂದಿ. ಏರು ದೊಡ್ಡದೇನಲ್ಲ. ಆದರೆ ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರೇಲರು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ನಡೆದು ಹೋಗುವವರೇ ನಿಮಗಿಂತ ಮುಂದಾಗುತ್ತಾರೆ.

ಒಂದು ಸಂಕ್ರಾಂತಿಗೆ ನನ್ನ ಅಕ್ಕನ ಮಗನೊಂದಿಗೆ ಹೀಗೇ ಹೊರಟಿದ್ದೆ. ಅವನು ಪುಣೆಯಲ್ಲೇ ಹುಟ್ಟಿ ಬೆಳೆದವನು. ಗಾಡಿ ಅವನದು, ಹಿಂದಿನ ಸೀಟು ನನ್ನದು. ಬೆಳಗಾವಿಯಲ್ಲಿ ಅವನ ಅಜ್ಜಿ ಎಳ್ಳು–ಬೆಲ್ಲ ಇಟ್ಟುಕೊಂಡು ಮಧ್ಯಾಹ್ನದಿಂದ ದಾರಿ ಕಾಯುತ್ತಿದ್ದರು. ತವಂದಿಯ ಏರಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಹತ್ತು ನಿಮಿಷ ತೆವಳಿದ್ದೇ ತಡ, ಶಾಖದ ಕೆಂಪು ದೀಪ ಹೊತ್ತಿತು. ಫ್ಯಾನಿನ ಸದ್ದೇ ಇಲ್ಲ. ಹುಡುಗ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ. ಅದೇ ಸರಿ. ಕೆಂಪು ದೀಪ ಹೊತ್ತಿದ ಮೇಲೂ "ಇನ್ನೇನು ಎರಡೇ ಕಿಲೋಮೀಟರು" ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಪಿಸ್ಟನ್ನು ಹಿಡಿದುಕೊಳ್ಳಬಹುದು. ನೂರರಲ್ಲಿ ಮುಗಿಯುವ ರಿಪೇರಿ ಆಗ ಸಾವಿರಗಳಿಗೆ ಏರುತ್ತದೆ.

ಇಂಥ ಹೊತ್ತಿನಲ್ಲಿ ಎರಡು ಕೆಲಸ ಮಾಡಲೇಬಾರದು. ಕಾದ ಎಂಜಿನ್ನಿನ ಮೇಲೆ ಬಾಟಲಿಯ ತಣ್ಣೀರು ಸುರಿಯಬಾರದು, ಲೋಹ ಬಿರುಕು ಬಿಟ್ಟೀತು. ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಅದು ನಿಮ್ಮ ಮನೆಯ ಕುಕ್ಕರಿದ್ದಂತೆ. ಒಳಗೆ ಒತ್ತಡವಿರುವುದರಿಂದಲೇ ದ್ರವ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಮರುಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಸೀಟಿ ಇಳಿಯುವ ಮುನ್ನ ಅಮ್ಮ ಮುಚ್ಚಳ ತೆಗೆಯುವುದನ್ನು ಕಂಡಿದ್ದೀರಾ?

ಮುಕ್ಕಾಲು ಗಂಟೆ ಕಾದೆವು. ಪಕ್ಕದ ಚಿಕ್ಕ ಡಬ್ಬಿಯಲ್ಲಿ ಕೂಲಂಟ್ ಎರಡು ಗೆರೆಗಳ ನಡುವೆ ಸರಿಯಾಗಿಯೇ ಇತ್ತು. ಸಾಲು ಕರಗಿದ ಮೇಲೆ ಎಲ್ಲೂ ನಿಲ್ಲದೆ ಸಂಕೇಶ್ವರ ತಲುಪಿದೆವು. ಗಾಳಿಗೆ ಗಾಡಿ ತಂಪಾಗಿಯೇ ಇತ್ತು. ಹಿರಣ್ಯಕೇಶಿ ನದಿಯ ದಡದ ಈ ಊರು ಮೆಣಸಿನಕಾಯಿಗೆ ಹೆಸರಾದದ್ದು. ಊರಂಚಿನಲ್ಲೊಂದು ಗ್ಯಾರೇಜು. ಮೇಸ್ತ್ರಿ ಗಾಡಿಯನ್ನು ಮುಟ್ಟುವ ಮೊದಲು ಹುಡುಗನನ್ನು ಒಂದೇ ಪ್ರಶ್ನೆ ಕೇಳಿದ.

"ನಿಂತಾಗ ಅಷ್ಟ ಬಿಸಿ ಆಗತೈತೋ, ಓಡೂಮುಂದೂ ಆಗತೈತೋ?"

ಹಿಂದಿಯಲ್ಲಿ ಶುರುಮಾಡಿದ್ದ ಹುಡುಗ ತಡೆದು, ಮನೆಯ ಕನ್ನಡಕ್ಕೆ ಹೊರಳಿದ. "ಓಡೂಮುಂದ ಏನೂ ಇಲ್ರೀ. ನಿಂತ್ರ ಬಿಸಿ ಆಗ್ತದ."

"ಹಂಗಾದ್ರ ಇದು ನೀರಿಂದಲ್ಲ ತಮ್ಮಾ, ಗಾಳೀದು."

ಈ ಒಂದು ಮಾತಿನಲ್ಲಿ ಅರ್ಧ ರಿಪೇರಿ ಇದೆ. ಓಡುವಾಗಲೂ ಗಾಡಿ ಕಾಯುತ್ತಿದ್ದರೆ ಕೂಲಂಟ್ ಸೋರಿದೆಯೇ, ಪಂಪು ಕೆಲಸ ಮಾಡುತ್ತಿದೆಯೇ, ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆಯೇ, ರೇಡಿಯೇಟರು ಕೆಸರು–ಹುಳುಗಳಿಂದ ಮುಚ್ಚಿದೆಯೇ ಎಂದು ನೋಡಬೇಕು. ನಿಂತಾಗ ಮಾತ್ರ ಕಾಯುತ್ತಿದ್ದರೆ ಮೊದಲ ಅನುಮಾನ ಫ್ಯಾನಿನ ಮೇಲೆ.

ಮುಂದೆ ಅವನು ಹಿಡಿದ ಕ್ರಮವನ್ನು ನೀವೂ ನೆನಪಿಡಿ. ಗಾಡಿ ಪೂರ್ತಿ ಆರಿದ ಮೇಲೆ, ಚಾವಿ ತೆಗೆದು, ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಿರುಗಿಸಿ ನೋಡಿದ. ಕೆಸರು ಸಿಕ್ಕಿ ಬಿಗಿದಿರಲಿಲ್ಲ. ಎರಡನೆಯದಾಗಿ ಫ್ಯೂಸ್ ತೆಗೆದು ಬೆಳಕಿಗೆ ಹಿಡಿದ. ಒಳಗಿನ ತಂತಿ ಇಡಿಯಾಗಿತ್ತು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಬೇಕು. ದೊಡ್ಡದು ಹಾಕಿದರೆ, ಇಲ್ಲವೇ ತಾಮ್ರದ ತಂತಿ ಸುತ್ತಿದರೆ, ಸುಡುವುದು ವೈರಿಂಗು. ಮೂರನೆಯದಾಗಿ ಫ್ಯಾನಿನ ಸಾಕೆಟ್ ಬಿಚ್ಚಿ, ಫ್ಯೂಸ್ ಇದ್ದ ವೈರಿನಿಂದ ಅದಕ್ಕೆ ನೇರವಾಗಿ ಬ್ಯಾಟರಿ ಕೊಟ್ಟ. ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್, ಇಲ್ಲವಾದರೆ ಫ್ಯಾನು ಉಲ್ಟಾ ತಿರುಗುತ್ತದೆ. ಗರ್ರೆಂದು ತಿರುಗಿತು! ಅಂದರೆ ಮೋಟಾರು ಗಟ್ಟಿ, ದೋಷ ಅದಕ್ಕೆ ಕರೆಂಟು ತಲುಪುವ ದಾರಿಯಲ್ಲಿ. ಇಲ್ಲಿ ತಿರುಗದಿದ್ದರೆ ಹೊಸ ಫ್ಯಾನೇ ಗತಿ. ನಾಲ್ಕನೆಯದಾಗಿ ಅಂಥದೇ ಇನ್ನೊಂದು ರಿಲೇ ಬದಲಿಸಿ ನೋಡಿದ, ಫಲವಿಲ್ಲ. ಕೊನೆಗೆ ಸಾಕೆಟ್ಟಿನ ಒಳಗೆ ಇಣುಕಿದ. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು. ನೀರಿನ ಹಸಿ ಒಳಸೇರಿ ಕೂತದ್ದು. ಕೆರೆದು, ಒರೆಸಿ, ಬಿಗಿದು ಕೂಡಿಸಿ, ಎಂಜಿನ್ ಚಾಲೂ ಮಾಡಿ ಕಾದೆವು. ಕೆಲ ನಿಮಿಷಗಳಲ್ಲಿ ಫ್ಯಾನು ತಾನಾಗಿಯೇ ಹೊರಟಿತು.

ಪಿನ್ನು ಶುದ್ಧವಿದ್ದಿದ್ದರೆ ಮುಂದಿನ ಸರದಿ ಶಾಖ ಅಳೆಯುವ ಸೆನ್ಸರಿನದು. ಹಳೆಯ ಬಗೆಯ ಗಾಡಿಗಳಲ್ಲಿ ರೇಡಿಯೇಟರಿಗೇ ಒಂದು ಸ್ವಿಚ್ಚಿರುತ್ತದೆ. ಅದರ ಎರಡು ವೈರು ಕೂಡಿಸಿದಾಗ ಫ್ಯಾನು ತಿರುಗಿದರೆ ಸ್ವಿಚ್ಚು ಕೆಟ್ಟಿದೆಯೆಂದು ಅರ್ಥ. ಹೊಸ ಗಾಡಿಗಳಲ್ಲಿ ಸೆನ್ಸರು ಮಾತಾಡುವುದು ಕಂಪ್ಯೂಟರಿನೊಂದಿಗೆ, ಅಲ್ಲಿ ವೈರು ಕೂಡಿಸುವ ಸಾಹಸ ಬೇಡ, ಸರ್ವಿಸ್ ಸೆಂಟರಿಗೇ ಒಯ್ಯಿರಿ. ಈಚೆಗೆ ಕೂಲಂಟ್ ಬದಲಿಸಿದ್ದರೆ ಕೊಳವೆಯಲ್ಲಿ ಗಾಳಿ ಉಳಿದಿದೆಯೇ ಎಂದೂ ಕೇಳಿ. ಸೆನ್ಸರಿಗೆ ದ್ರವ ತಾಗದಿದ್ದರೆ ಅದಕ್ಕೆ ಬಿಸಿಯೇ ತಿಳಿಯುವುದಿಲ್ಲ.

ಮೇಸ್ತ್ರಿ ತೆಗೆದುಕೊಂಡದ್ದು ನೂರು ರೂಪಾಯಿ. ಜೊತೆಗೆ ಹುಡುಗನ ಊರು, ಮನೆತನ, ಪುಣೆಯಲ್ಲಿ ಏನು ಓದಿದ್ದು ಎಲ್ಲವನ್ನೂ ವಿಚಾರಿಸಿದ. ಕೊನೆಗೆ "ಪುಣೇದಾಗ ಹುಟ್ಟೀದಿ, ಮಾತು ಮಾತ್ರ ನಮ್ಮೂರಂದು" ಎಂದ. ಹುಡುಗನ ಮುಖ ಅರಳಿತು. ಬೆಳಗಾವಿ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು, ಅಜ್ಜಿ ಇನ್ನೂ ಬಾಗಿಲಲ್ಲೇ ಇದ್ದರು.

ಆದ್ದರಿಂದ ಗೆಳೆಯರೇ, ಹೊರಡುವ ಹಿಂದಿನ ದಿನವೇ ಮನೆಯೆದುರು ಗಾಡಿಯನ್ನು ಚಾಲೂ ಮಾಡಿ ನಿಲ್ಲಿಸಿ, ಫ್ಯಾನು ಹೊರಡುವವರೆಗೆ ಕಣ್ಣು ಮೀಟರಿನ ಮೇಲಿರಲಿ. ಸೀಟಿನ ಕೆಳಗೆ ಎರಡು ಫ್ಯೂಸ್ ಇರಲಿ. ದಾರಿಯಲ್ಲಿ ಗಾಡಿ ನಿಂತರೆ ಏನಾಗಿದೆ, ಯಾವಾಗ ಆಗುತ್ತದೆ ಎಂಬುದನ್ನು ಗಮನಿಸಿಟ್ಟುಕೊಂಡು ಮೇಸ್ತ್ರಿಗೆ ಹೇಳಿ. ಕೊಗನೊಳ್ಳಿಯ ಟೋಲ್ ನಾಕೆ ದಾಟಿದ ಮೇಲೆ ಕನ್ನಡದಲ್ಲೇ ಹೇಳಿ. ವ್ಯಾಕರಣ ತಪ್ಪಿದರೂ ಚಿಂತೆಯಿಲ್ಲ, ಅಲ್ಲಿ ಯಾರೂ ಅಂಕ ಕಳೆಯುವುದಿಲ್ಲ.