ಮೇಟಿ ನಿಂತ ಜಾಗ

ರಿಟೈರಾದ ಮೇಲೆ ಗುಂಡಿ ಹೊಲಿಯುತ್ತೇನೆ. ಅಂಗಿಯದಲ್ಲ, ಮಂಗಳ ಗ್ರಹದ್ದು. ರೋವರ್ ಕಳಿಸಿದ ಚಿತ್ರಗಳನ್ನು ನಾಸಾದವರು ರಾಗಿ ಒಣಹಾಕಿದಂತೆ ಅಂತರ್ಜಾಲದಲ್ಲಿ ಹರವಿಬಿಡುತ್ತಾರೆ. ಯಾರು ಬೇಕಾದರೂ ಆಯ್ದುಕೊಳ್ಳಬಹುದು. 2006ರ ಸೆಪ್ಟೆಂಬರಿನಲ್ಲಿ ಆಪರ್ಚುನಿಟಿ ರೋವರ್ ಸುಮಾರು 750 ಮೀಟರ್ ಅಗಲದ ವಿಕ್ಟೋರಿಯಾ ಕುಳಿಯ ಅಂಚಿಗೆ ಬಂದು ನಿಂತಿತ್ತು. ಅದು ತೆಗೆದ ತುಂಡುಗಳನ್ನು ಪಾಂಡವಪುರದಲ್ಲಿ ಕೂತು ಕೂಡಿಸುತ್ತಾ ಎಷ್ಟೋ ರಾತ್ರಿ ಕಳೆದಿದ್ದೇನೆ.

"ಕಲ್ಲೇ ನೋಡ್ಬೇಕು ಅಂದ್ರೆ ಕುಂತಿಬೆಟ್ಟ ಇಲ್ಲೇ ಐತಲ್ಲ, ಕರೆಂಟ್ಯಾಕೆ ಸುಡ್ತೀರಿ?" ಎನ್ನುತ್ತಾಳೆ ನಮ್ಮನೆಯವಳು.

ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರನ ಕಥೆ ಹೇಳಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಅವನು ಆ ಮುತ್ತಿಗೆಯನ್ನು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ದುಡ್ಡಿಗೆ ತೋರಿಸಿದ. ಕಾವೇರಿ ಕಂಡವನೇ ಅಲ್ಲ.

"ಅವನಿಗೆ ಕಾಸಾದ್ರೂ ಬಂತು."

ಅವನ ಬಟ್ಟೆಯಂತೆ ಚಿತ್ರಗಳನ್ನು ಉದ್ದಕ್ಕೆ ಹೊಲಿಯುವುದು ಸಲೀಸು. ಅದನ್ನೇ ಹದ್ದು ಮೇಲಿಂದ ನೋಡಿದಂತೆ ನೆಲಕ್ಕೆ ಹಾಸುವುದಿದೆಯಲ್ಲ, ಅದು ಪೇಚಾಟ. ಕ್ಯಾಮೆರಾ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿದೆ, ನೆಲ ಚಪ್ಪಟೆ ಎಂದುಕೊಂಡು ಚಿತ್ರದ ಒಂದೊಂದು ಚುಕ್ಕಿಯನ್ನೂ ಅದು ಕಂಡ ಕೋನದಲ್ಲೇ ಕೆಳಕ್ಕೆಸೆಯಬೇಕು. ಮಲಗಿದ್ದೆಲ್ಲ ತನ್ನ ಜಾಗಕ್ಕೆ ಬೀಳುತ್ತದೆ. ಎದ್ದು ನಿಂತದ್ದು ಸಂಜೆಯ ನೆರಳಿನಂತೆ ಹೊರಕ್ಕೆ ಚಾಚುತ್ತದೆ. ಬೊಗಸೆಗಾತ್ರದ ಕಲ್ಲಿಗೂ ಬಾಲ ಬರುತ್ತದೆ. ನಟ್ಟನಡುವೆ, ರೋವರ್ ನಿಂತಲ್ಲಿ, ಕಪ್ಪು ಚಕ್ರ. ತನ್ನ ಕಾಲಡಿಯದು ಕ್ಯಾಮೆರಾಗೆ ಕಾಣದು.

ಮೊನ್ನೆ ನಾಗಮಂಗಲದ ಕಡೆಯ ನಮ್ಮೂರ ಮನೆಯ ಟ್ರಂಕಿನಲ್ಲಿ ಹಳೇ ಫೋಟೋ ಸಿಕ್ಕವು, ಹನ್ನೊಂದು. ಅಪ್ಪ ಯಾರದೋ ಕ್ಯಾಮೆರಾ ಕಡ ತಂದು, ರಾಗಿ ಕಣದ ನಡುಗಂಬ ಮೇಟಿಗೆ ಬೆನ್ನು ಕೊಟ್ಟು, ಒಂದು ಸುತ್ತು ಬಂದು ತೆಗೆದವು. ಸ್ಕ್ಯಾನ್ ಮಾಡಿಸಿ ಹೊಲಿದೆ. ಎರಡು ಫೋಟೋಗಳ ನಡುವೆ ಹೆಜ್ಜೆ ಹಾಕಿದ್ದ ಕೆಂದೆತ್ತಿಗೆ ಆರು ಕಾಲು ಬಂದವು. ಇರಲಿ ಎಂದು ನೆಲಕ್ಕೆ ಹಾಸಿದೆ. ಅಪ್ಪನ ಕಣ್ಣಿಗಿಂತ ಎತ್ತರವಿದ್ದ ಹುಲ್ಲಿನ ಮೆದೆ ಊರಾಚೆ ಓಡಿಹೋಯಿತು. ಮೊರ ಹಿಡಿದು ರಾಗಿ ತೂರುತ್ತಿದ್ದ ಅವ್ವ, ಜೀವಮಾನದಲ್ಲಿ ಹಗಲು ಹೊತ್ತು ಬೆನ್ನು ಕೆಳಗಿಟ್ಟವಳಲ್ಲ, ಕಣದಂಚಿನಿಂದ ಪಕ್ಕದ ಹೊಲದವರೆಗೆ ನಿರಾಳವಾಗಿ ಚಾಚಿ ಮಲಗಿದ್ದಳು.

ಕಾಫಿ ತಂದ ನಮ್ಮನೆಯವಳು ಬಗ್ಗಿ ನೋಡಿದಳು. "ಇದ್ಯಾವ ಗ್ರಹ?"

"ನಮ್ಮೂರು."

"ನಡುವೆ ಕಪ್ಪಗಿರೋದು? ಮೇಟಿ ಕಿತ್ತ ಗುಂಡಿಯಾ?"

"ಅಪ್ಪ" ಅಂದೆ.

ಅವಳು ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದಳು. ಆ ರಾತ್ರಿ ಕರೆಂಟಿನ ಮಾತು ಬರಲಿಲ್ಲ.