ಆಟದ ಯಂತ್ರವೂ ಕೊಂಡವನ ಅಳಲೂ

ಮಡಕೆಯನ್ನು ಕೊಳ್ಳುವವನು ಅದನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಅನಂತರ ಹಣವನ್ನು ಕೊಡುತ್ತಾನೆ. ಬಿರುಕುಬಿಟ್ಟ ಮಡಕೆಯು ತನ್ನ ದೋಷವನ್ನು ತಾನೇ ನುಡಿಯುತ್ತದೆ. ಎತ್ತನ್ನು ಕೊಳ್ಳುವವನು ಹಲ್ಲನ್ನೆಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ. ಈ ಕಾಲದ ಯಂತ್ರಗಳಲ್ಲಿ ಇಂತಹ ಪರೀಕ್ಷೆಗೆ ಎಡೆಯೇ ಇಲ್ಲ. ಅವು ಮುಚ್ಚಿದ ಪೆಟ್ಟಿಗೆಯಲ್ಲಿ ಬರುತ್ತವೆ. ಒಳಗಿನ ಗುಣದೋಷಗಳನ್ನು ಬಲ್ಲವನು ಮಾಡಿದವನೊಬ್ಬನೇ. ಕೊಂಡವನಿಗೆ ಉಳಿಯುವುದು ನಂಬಿಕೆ ಮಾತ್ರ. ಆ ನಂಬಿಕೆಯು ಮುರಿದಾಗ ಉಂಟಾಗುವ ವ್ಯಥೆಯು ಎಂತಹುದೆಂಬುದನ್ನು ವೀಡಿಯೋ ಆಟದ ಯಂತ್ರಗಳ ಚರಿತ್ರೆಯು ಚೆನ್ನಾಗಿ ತಿಳಿಸುತ್ತದೆ.

ಆಟದ ಸಾಮಾನಿಗೆ ಇಷ್ಟೊಂದು ಅಳಲೇ ಎಂದು ಹಿರಿಯರು ನಗಬಹುದು. ಆದರೆ ಬಾಲಕನು ತಿಂಗಳುಗಟ್ಟಲೆ ಕೂಡಿಟ್ಟು ಕೊಂಡ ವಸ್ತುವು ಅವನ ಪಾಲಿಗೆ ಗೃಹಸ್ಥನ ಮನೆಯಷ್ಟೇ ದೊಡ್ಡದು. ಮಾತಿಗೆ ತಪ್ಪಿದವರ ಪರಿಚಯವು ಅವನಿಗೆ ಮೊದಲು ಆಗುವುದು ಎಷ್ಟೋ ಸಲ ಇಂತಹ ವಸ್ತುವಿನ ಮೂಲಕವೇ.

ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಎಂಬ ಯಂತ್ರವು ಅಮೆರಿಕೆಯಲ್ಲಿ 2005ರ ನವೆಂಬರ್ 22ರಂದು ಮಾರಾಟಕ್ಕೆ ಬಂದಿತು. ಎಲ್ಲ ಪರಿಕರಗಳೊಡನೆ ಅದರ ಬೆಲೆ 399 ಡಾಲರು. ಮುಂಭಾಗದ ಗುಂಡಿಯ ಸುತ್ತ ನಾಲ್ಕು ತುಂಡುಗಳ ಒಂದು ದೀಪವಲಯವಿತ್ತು. ಯಂತ್ರವು ಸುಸ್ಥಿತಿಯಲ್ಲಿದ್ದರೆ ಅದು ಹಸಿರಾಗಿ ಬೆಳಗುವುದು. ಸಾವಿರಾರು ಮನೆಗಳಲ್ಲಿ ಒಂದು ದಿನ ಅದರ ಮೂರು ತುಂಡುಗಳು ಕೆಂಪಾಗಿ ಮಿಣುಕತೊಡಗಿದವು. ಯಂತ್ರವು ಕೆಟ್ಟಿತೆಂದು ಅದರ ಅರ್ಥ. ಏಕೆ ಕೆಟ್ಟಿತೆಂಬುದನ್ನು ಆ ದೀಪಗಳು ಹೇಳುತ್ತಿರಲಿಲ್ಲ.

ಇಂತಹ ಸಮಯದಲ್ಲಿ ಕೊಂಡವನು ಮೊದಲು ಶಂಕಿಸುವುದು ತನ್ನನ್ನೇ. ಗಾಳಿಯಾಡದ ಮೂಲೆಯಲ್ಲಿಟ್ಟೆನೋ, ಹೊತ್ತು ಮೀರಿ ಆಡಿದೆನೋ, ಧೂಳನ್ನು ಒರಸದೆ ಹೋದೆನೋ ಎಂದು ಹಳಹಳಿಸುತ್ತಾನೆ. ತಂದೆತಾಯಿಗಳೂ ಹುಡುಗನನ್ನೇ ಗದರಿಸುತ್ತಾರೆ. ಕೆಲವರು ಯಂತ್ರಕ್ಕೆ ದಪ್ಪ ಟವೆಲನ್ನು ಸುತ್ತಿ, ಅದು ಕಾದು ಕೆಂಡವಾಗುವವರೆಗೆ ನಡೆಸಿದರು. ಹಾಗೆ ಮಾಡಿದರೆ ಕೆಲವು ವೇಳೆ ಅದು ಮತ್ತೆ ಉಸಿರಾಡುವುದುಂಟು. ಆದರೆ ಆ ಉಸಿರು ಬಹುಕಾಲ ನಿಲ್ಲುತ್ತಿರಲಿಲ್ಲ. ಸಂಸ್ಥೆಯಾದರೋ ಇಂತಹ ಯಂತ್ರಗಳಲ್ಲಿ ನೂರಕ್ಕೆ 3ರಿಂದ 5 ಕೆಡುವುದು ವಾಡಿಕೆ, ಇದೂ ಅಷ್ಟೇ ಎಂದು ಮೊದಮೊದಲು ಸಮಾಧಾನ ಹೇಳಿತು. ಅಮೆರಿಕೆಯಲ್ಲಿ ಕೊಟ್ಟಿದ್ದ ಹೊಣೆಯ ಅವಧಿ ಆರಂಭದಲ್ಲಿ 90 ದಿನ ಮಾತ್ರ. 2006ರ ಡಿಸೆಂಬರಿನಲ್ಲಿ ಅದು ಒಂದು ವರ್ಷವಾಯಿತು. ಅವಧಿ ಮುಗಿದವರು ಕೈಯಿಂದ ಹಣ ತೆತ್ತು ದುರಸ್ತಿ ಮಾಡಿಸಿಕೊಂಡರು.

ದೂರುಗಳು ಮಾತ್ರ ನಿಲ್ಲಲಿಲ್ಲ. ಕೊನೆಗೆ 2007ರ ಜುಲೈ 5ರಂದು, ಮೂರು ಕೆಂಪು ದೀಪಗಳ ದೋಷಕ್ಕೆ ಹೊಣೆಯನ್ನು 3 ವರ್ಷಗಳಿಗೆ ವಿಸ್ತರಿಸಿರುವುದಾಗಿಯೂ, ದುರಸ್ತಿಗೆ ಹಣ ತೆತ್ತವರಿಗೆ ಅದನ್ನು ಹಿಂದಿರುಗಿಸುವುದಾಗಿಯೂ ಸಂಸ್ಥೆಯು ಸಾರಿತು. ಅದಕ್ಕಾಗಿ ತೆಗೆದಿರಿಸಿದ ಹಣವು ನೂರು ಕೋಟಿ ಡಾಲರಿಗೂ ಮಿಗಿಲು. ದೋಷದ ಮೂಲವನ್ನು ಸಂಸ್ಥೆಯ ಇಂಜಿನಿಯರರೇ ವಿವರವಾಗಿ ಬಿಚ್ಚಿ ಹೇಳಿದುದು 2021ರ ಒಂದು ಸಾಕ್ಷ್ಯಚಿತ್ರದಲ್ಲಿ: ಯಂತ್ರವು ಹೊತ್ತಿದಾಗ ಕಾದು, ಆರಿದಾಗ ತಣಿದು, ಹೀಗೆ ಹಿಗ್ಗಿ ಕುಗ್ಗುತ್ತ ಒಳಗಿನ ಬಿಡಿಭಾಗಗಳ ಸೂಕ್ಷ್ಮ ಸಂಧಿಗಳು ಬಿರಿಯುತ್ತಿದ್ದವು. ಆಡಿದ ಹುಡುಗನದಲ್ಲ ತಪ್ಪು ಎಂದು ಆಗ ತಿಳಿಯಿತು. ಹುಡುಗನು ಅಷ್ಟು ಹೊತ್ತಿಗೆ ಗೃಹಸ್ಥನಾಗಿದ್ದನು.

ಜಪಾನಿನ ನಿಂಟೆಂಡೋ ಸಂಸ್ಥೆಯ ಕಥೆಯೂ ಚಿಂತನೀಯವಾದುದು. 1983ರಲ್ಲಿ ತನ್ನ ಫ್ಯಾಮಿಕಾಮ್ ಯಂತ್ರದಲ್ಲಿ ದೋಷವು ಕಂಡುಬಂದಾಗ ಅದು ಯಂತ್ರಗಳನ್ನು ಹಿಂದಕ್ಕೆ ಪಡೆದು, ಹೊಸ ಮುಖ್ಯಫಲಕವನ್ನಿಟ್ಟು ಮತ್ತೆ ಮಾರಿತು. ಅದೇ ಸಂಸ್ಥೆಯು 2017ರಲ್ಲಿ ಹೊರತಂದ ಸ್ವಿಚ್ ಯಂತ್ರದ ಜಾಯ್‌ಕಾನ್ ಎಂಬ ಹಿಡಿಗಳಲ್ಲಿ ಬೇರೊಂದು ತೊಂದರೆ ತಲೆದೋರಿತು. ಯಾರೂ ಮುಟ್ಟದಿದ್ದರೂ ಹಿಡಿಯ ಕಡ್ಡಿಯನ್ನು ಯಾರೋ ಒತ್ತುತ್ತಿರುವರೆಂದು ಯಂತ್ರವು ಭ್ರಮಿಸಿ, ಆಟದ ವೀರನನ್ನು ಸುಮ್ಮನೆ ನಡೆಯಿಸುತ್ತಿತ್ತು. 2019ರಲ್ಲಿ ಅಮೆರಿಕೆಯಲ್ಲಿ ವ್ಯಾಜ್ಯ ಹೂಡಲಾಯಿತು. 2020ರಲ್ಲಿ ಅಧ್ಯಕ್ಷರಾದ ಶುಂಟಾರೋ ಫುರುಕಾವಾ ಅವರು ಗ್ರಾಹಕರಿಗಾದ ತೊಂದರೆಗೆ ವಿಷಾದ ಸೂಚಿಸಿದರು. ಯೂರೋಪಿನ ಗ್ರಾಹಕ ಸಂಘಗಳ ಒಕ್ಕೂಟವು ಸುಮಾರು 25,000 ದೂರುಗಳನ್ನು ಕಲೆಹಾಕಿ 2021ರಲ್ಲಿ ಯೂರೋಪಿನ ಆಯೋಗದ ಮುಂದಿಟ್ಟಿತು. ಹೊಣೆಯ ಅವಧಿ ಮುಗಿದಿದ್ದರೂ ಬಿಟ್ಟಿಯಾಗಿ ಸರಿಪಡಿಸಿಕೊಡಲಾಗುವುದೆಂಬ ಭರವಸೆಯು ಅಲ್ಲಿನವರಿಗೆ 2023ರಲ್ಲಿ ದೊರೆಯಿತು.

ಈ ಎರಡು ಪ್ರಸಂಗಗಳಲ್ಲಿಯೂ ನ್ಯಾಯವು ದೊರೆತುದು ಒಬ್ಬನ ಕೂಗಿನಿಂದಲ್ಲ. ಒಬ್ಬನು ಹೇಳಿದಾಗ ಅದು ಅವನ ದುರದೃಷ್ಟ. ಹತ್ತು ಮಂದಿ ಹೇಳಿದಾಗ ಕಾಕತಾಳೀಯ. ಸಾವಿರಾರು ಮಂದಿ ಹೇಳಿದಾಗಲೇ ಅದಕ್ಕೆ ದೋಷವೆಂಬ ಹೆಸರು. ಮಾನವನ ಕೈಗೆಲಸದಲ್ಲಿ ಕುಂದು ಇರುವುದು ಸಹಜವೆಂದು ವಿವೇಕಿಯಾದ ಗ್ರಾಹಕನು ಒಪ್ಪುತ್ತಾನೆ. ಹಣವು ಹೋದ ನೋವನ್ನು ಅವನು ಮರೆತಾನು; ತನ್ನ ಮಾತನ್ನು ನಂಬದೆ ಹೋದರೆಂಬ ನೋವು ಅಷ್ಟು ಸುಲಭವಾಗಿ ಮರೆಯುವಂತಹುದಲ್ಲ. ಆದುದರಿಂದ ಮನೆಯಲ್ಲಿ ಯಂತ್ರವೊಂದು ಕೆಟ್ಟಾಗ, ಹುಡುಗನನ್ನು ಗದರಿಸುವ ಮುನ್ನ ಹಿರಿಯರು ಅವನು ಹೇಳುವುದನ್ನು ಒಂದಿಷ್ಟು ತಾಳ್ಮೆಯಿಂದ ಕೇಳುವುದು ಒಳ್ಳೆಯದು.