ಸೋರಿಯಾಸಿಸ್ ಇದ್ದವರಿಗೆ ಲಸಿಕೆ ಹತ್ತುತ್ತದೆಯೇ?

ಕೊಹಿನೂರಿನಲ್ಲಿ ನಮ್ಮದು ಕೂಡು ಕುಟುಂಬ. ನಮ್ಮ ಚಾಚಾ ಅವರಿಗೆ ಹಲವು ವರ್ಷಗಳಿಂದ ಸೋರಿಯಾಸಿಸ್ ಇದೆ. ಮೊಣಕೈ, ಮೊಣಕಾಲಿನ ಮೇಲೆ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು. ಇದು ಅಂಟುರೋಗವಲ್ಲ. ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪಿದಾಗ, ಸುಮಾರು ಒಂದು ತಿಂಗಳಲ್ಲಿ ಬೆಳೆದು ಉದುರಬೇಕಾದ ಚರ್ಮದ ಕಣಗಳು ಕೆಲವೇ ದಿನಗಳಲ್ಲಿ ಬೆಳೆದುಬಿಡುತ್ತವೆ. ಆದರೂ ಕೆಲವರು ಕಜ್ಜಿ ಎಂದು ತಿಳಿದು ದೂರ ಕೂರುತ್ತಾರೆ.

2021ರ ಏಪ್ರಿಲ್ 1ರಿಂದ 45 ವರ್ಷ ದಾಟಿದ ಎಲ್ಲರಿಗೂ ಕೋವಿಡ್ ಲಸಿಕೆ ಶುರುವಾಯಿತು. ದಾದಿ, "ಮೊದಲೇ ಮೈ ಹೀಗಾಗಿದೆ, ಸೂಜಿ ಬೇಡ ಬೇಟಾ" ಎಂದರು. ಚಾಚಾ ಅವರ ಚಿಂತೆಯೇ ಬೇರೆ: "ನನ್ನ ಗುಳಿಗೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದಂತೆ. ಹಾಗಾದರೆ ಲಸಿಕೆ ನನಗೆ ಹತ್ತುತ್ತದೆಯೇ?" ಆ ಗುಳಿಗೆಯ ಹೆಸರು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆಯಬಾರದೆಂದು ಅವರು ಜುಮಾ ದಿನವನ್ನು ಇಟ್ಟುಕೊಂಡಿದ್ದಾರೆ. ಡಾಕ್ಟರ ಸಲಹೆಯಂತೆ ಚಾಚಾ ಎರಡೂ ಡೋಸ್ ಹಾಕಿಸಿಕೊಂಡರು. ಆದರೆ ಅವರ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಕಾಲೇಜಿಗೆ ಬಂದ ಮೇಲೆ ಅದಕ್ಕೆ ಉತ್ತರ ಹುಡುಕಿ ಓದಿದೆ.

2021ರಲ್ಲಿ ಲಂಡನ್ನಿನ ಸಂಶೋಧಕರು 84 ಸೋರಿಯಾಸಿಸ್ ರೋಗಿಗಳನ್ನು ಪರೀಕ್ಷಿಸಿದರು. ಫೈಜರ್ ಲಸಿಕೆಯ ಮೊದಲ ಡೋಸ್ ನಂತರ ಆರೋಗ್ಯವಂತರೆಲ್ಲರಲ್ಲೂ ಪ್ರತಿಕಾಯ ಕಂಡಿತು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧ ಜನರಲ್ಲಿ ಮಾತ್ರ ಕಂಡಿತು. ಆದರೆ ದೇಹವನ್ನು ಕಾಯುವ ಟಿ ಕಣಗಳು ಅವರಲ್ಲೂ ಎಚ್ಚೆತ್ತಿದ್ದವು. ಅಂದರೆ ತಡೆಯಾಗಿದ್ದು ರೋಗಕ್ಕಿಂತ ಹೆಚ್ಚಾಗಿ ಔಷಧಿ, ಅದೂ ಪೂರ್ತಿ ತಡೆಯಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಬರಬೇಕಾದ ಬಾಕಿ ಪೂರ್ತಿ ಬರುವುದಿಲ್ಲವೆಂದು ಬಂದಷ್ಟನ್ನು ಯಾವ ವ್ಯಾಪಾರಿಯೂ ಬಿಡುವುದಿಲ್ಲ.

ನಮ್ಮ ದೇಶದ ಕೊಚ್ಚಿಯಲ್ಲೂ ಅಧ್ಯಯನ ನಡೆಯಿತು. ಸಂಧಿವಾತ ಮತ್ತು ಸೋರಿಯಾಸಿಸ್ ಸಂಬಂಧಿ ಕೀಲುನೋವು ಇದ್ದವರು ಕೋವಿಶೀಲ್ಡ್ ಪಡೆದ ನಂತರ ಎರಡು ವಾರ ಈ ಗುಳಿಗೆ ನಿಲ್ಲಿಸಿದಾಗ ಪ್ರತಿಕಾಯ ಹೆಚ್ಚಾಯಿತು. ಆದರೆ ಕೆಲವರಿಗೆ ಕೀಲುನೋವು ಮತ್ತೆ ಕೆರಳಿತು. ಆದ್ದರಿಂದ ನಿಲ್ಲಿಸುವುದೋ ಬೇಡವೋ ಎಂಬುದನ್ನು ಡಾಕ್ಟರೇ ಹೇಳಬೇಕು, ನಾವೇ ತೀರ್ಮಾನಿಸಬಾರದು.

ಚಾಚಾ ಈಗ ಹಜ್ ಯಾತ್ರೆಯ ನಿಯತ್ತು ಮಾಡಿದ್ದಾರೆ. ಯಾತ್ರಿಕರಿಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಅಲ್ಲಿ ತಲುಪುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಅದರಲ್ಲಿ ಜೀವಂತ ರೋಗಾಣು ಇಲ್ಲ, ಹೆದರಬೇಕಿಲ್ಲ. ಆದರೆ ನಮ್ಮ ಹಾಜಿಗಳಿಗೆ ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಇಂಥ ಗುಳಿಗೆ ನುಂಗುವವರು ಹನಿ ಹಾಕಿಸಿಕೊಳ್ಳುವ ಮೊದಲೇ ಆ ವಿಷಯ ಹೇಳಲೇಬೇಕು.

ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಲಸಿಕೆಗೆ ಹೋಗುವಾಗ ಗುಳಿಗೆಯ ಚೀಟಿಯನ್ನು ಅವರ ಜೇಬಿನಲ್ಲಿಡಿ. ಹಿರಿಯರಿಗೆ ಓದಲು ಬಾರದಿದ್ದರೆ ಜೊತೆಗೆ ಹೋಗಿ ನೀವೇ ಓದಿ ಹೇಳಿ. ಮತ್ತು ಅವರ ಪಕ್ಕದಲ್ಲೇ ಕುಳಿತುಕೊಳ್ಳಿ.